ಐವತ್ತರ ಕಾಲಿಗೆ ಎಷ್ಟು ಹಲ್ಲಿನ ಚಕ್ರ?

ರಾಯಚೂರು ಜಿಲ್ಲೆಯಲ್ಲಿ ಘಾಟಿ ರಸ್ತೆ ಇಲ್ಲ. ಕೃಷ್ಣೆಗೂ ತುಂಗಭದ್ರೆಗೂ ನಡುವೆ ಹಾಸಿಕೊಂಡ ಎರೆನೆಲ, ಅಲ್ಲಲ್ಲಿ ಎದ್ದು ನಿಂತ ಕಲ್ಲುಗುಡ್ಡ, ಇಷ್ಟೇ ನಮ್ಮ ಭೂಗೋಳ. ಮಲ್ಲಟ, ಸಿರವಾರ, ಮಾನ್ವಿ ಕಡೆ ಸೈಕಲ್ ತುಳಿಯುವವರಿಗೆ ಏರು ಎಂದರೆ ಕಾಲುವೆಯ ಸೇತುವೆ, ಕೆರೆಯ ಒಡ್ಡು, ಹಳ್ಳಕ್ಕೆ ಇಳಿದು ಮತ್ತೆ ಹತ್ತುವ ರಸ್ತೆ. ದೇವದುರ್ಗದ ಹಾದಿ ಹಿಡಿದರೆ ನೆಲ ಸ್ವಲ್ಪ ಒರಟಾಗುತ್ತದೆ. ತಿಂಥಣಿ ಸೇತುವೆಗೆ ಇಳಿದು, ಕೃಷ್ಣೆ ದಾಟಿ, ಸುರಪುರದ ಗುಡ್ಡಗಳತ್ತ ತುಳಿದರೆ ತೊಡೆಗೆ ಏರಿನ ರುಚಿ ಹತ್ತುತ್ತದೆ. ಅದಕ್ಕಿಂತ ದೊಡ್ಡದು ಬೇಕೆಂದರೆ ಸೈಕಲ್ಲನ್ನು ಬಸ್ಸಿಗೋ ರೈಲಿಗೋ ಹಾಕಿಕೊಂಡು ನಂದಿಬೆಟ್ಟಕ್ಕೆ, ಆಗುಂಬೆಗೆ, ಇಲ್ಲವೇ ನೀಲಗಿರಿಗೆ ಹೋಗಬೇಕು.

ಹೋಗುವವರು ಇದ್ದಾರೆ. ಬೆಳಗಿನ ಐದಕ್ಕೇ ಹೆಲ್ಮೆಟ್ ಹಾಕಿಕೊಂಡು, ಹಿಂದೆ ಕೆಂಪು ದೀಪ ಮಿನುಗಿಸುತ್ತ ಹೊರಡುವವರು ಈಗ ರಾಯಚೂರಿನಲ್ಲಷ್ಟೇ ಅಲ್ಲ, ತಾಲ್ಲೂಕು ಊರುಗಳಲ್ಲೂ ಕಾಣುತ್ತಾರೆ. ಡಾಕ್ಟರು, ಬ್ಯಾಂಕಿನವರು, ನಿವೃತ್ತ ಮಾಸ್ತರರು, ಹತ್ತಿ ವ್ಯಾಪಾರಸ್ಥರು. ನಾನು ಕಂಡವರಲ್ಲಿ ಹೆಚ್ಚಿನವರು ಐವತ್ತರ ಆಚೆ ಈಚೆ. ಹುಡುಗರಿದ್ದಾಗ ಇವರೆಲ್ಲ ತುಳಿದದ್ದು ಒಂದೇ ಗೇರಿನ ಕರಿ ಸೈಕಲ್. ನಡುವಿನ ವರ್ಷಗಳನ್ನು ಮೋಟಾರು ಸೈಕಲ್ ತಿಂದಿತು. ಸಕ್ಕರೆ ಕಾಯಿಲೆಯ ಚೀಟಿ ಕೈಗೆ ಬಂದ ಮೇಲೆ, ಇಲ್ಲವೇ ಮಕ್ಕಳು ಊರು ಬಿಟ್ಟ ಮೇಲೆ, ಮತ್ತೆ ಸೈಕಲ್ ಹತ್ತಿದರು. ಬದುಕಿನ ಮೊದಲ ಗೇರ್ ಸೈಕಲ್ ಅವರ ಕೈಗೆ ಬಂದದ್ದೇ ಐವತ್ತು ದಾಟಿದ ಮೇಲೆ.

ನಮ್ಮ ಕಡೆಯ ತೊಡಕು ಇರುವುದೇ ಇಲ್ಲಿ. ಯುರೋಪಿನಲ್ಲಿ ಇಪ್ಪತ್ತರಿಂದಲೇ ಗುಡ್ಡದಲ್ಲಿ ತುಳಿದವನು ವಯಸ್ಸಾದಂತೆ ಒಂದೊಂದೇ ಹಲ್ಲು ಸಡಿಲಿಸುತ್ತ ಬರುತ್ತಾನೆ. ಕಾಲಿನ ಲೆಕ್ಕ ಅವನಿಗೆ ಗೊತ್ತಿರುತ್ತದೆ. ನಮ್ಮವರು ಬಣ್ಣ, ತೂಕ, ಕಂಪನಿ ಹೆಸರು ನೋಡಿ, ಇಪ್ಪತ್ತೈದರ ಹುಡುಗನಿಗೆಂದು ಜೋಡಿಸಿದ ಸೈಕಲ್ಲನ್ನು ಹಾಗೆಯೇ ಮನೆಗೆ ತರುತ್ತಾರೆ. ಊರ ಸುತ್ತಲಿನ ಸಪಾಟು ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಮೊದಲ ಬಾರಿ ನಂದಿಬೆಟ್ಟದ ತಿರುವಿನಲ್ಲಿ ಕಾಲು ನಿಂತಾಗ, ‘ನನಗೆ ವಯಸ್ಸಾಯಿತು, ಇದು ನಮ್ಮಂಥವರದಲ್ಲ’ ಎಂದು ಇಳಿದುಬಿಡುತ್ತಾರೆ. ಹೀಗೆ ಏರು ಬಿಟ್ಟವರನ್ನು ನಾನು ಬಲ್ಲೆ. ಅವರು ಬಿಡಬೇಕಿರಲಿಲ್ಲ. ಸೋತದ್ದು ಅವರ ಕಾಲಲ್ಲ, ಸೈಕಲ್ಲಿನ ಹಲ್ಲಿನ ಲೆಕ್ಕ.

ಆ ಲೆಕ್ಕ ಕಷ್ಟದ್ದೇನಲ್ಲ. ಮುಂದಿನ ಚಕ್ರದ ಹಲ್ಲನ್ನು ಹಿಂದಿನ ಚಕ್ರದ ಹಲ್ಲಿನಿಂದ ಭಾಗಿಸಿ, ಗಾಲಿಯ ಸುತ್ತಳತೆಯಿಂದ ಗುಣಿಸಿದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಎಷ್ಟು ಮುಂದೆ ಹೋಗುತ್ತದೆ ಎಂಬುದು ಸಿಗುತ್ತದೆ. ನಮ್ಮ ಮನೆಯ ಹಳೆಯ ಕರಿ ಸೈಕಲ್ಲಿಗೆ ಮುಂದೆ 44 ಹಲ್ಲು, ಹಿಂದೆ 18. ಗಾಲಿಯ ಸುತ್ತಳತೆ ಸುಮಾರು 2.2 ಮೀಟರ್. ಅಂದರೆ ಒಂದು ಸುತ್ತಿಗೆ 5.4 ಮೀಟರ್. ಸಪಾಟು ರಸ್ತೆಗೆ ಚಂದದ ಗೇರು. ಆದರೆ ಕಾಲುವೆ ಸೇತುವೆಯ ಏರಿನಲ್ಲಿ ವೇಗ ತಾಸಿಗೆ 10 ಕಿ.ಮೀ.ಗೆ ಇಳಿದರೆ ಪೆಡಲ್ ನಿಮಿಷಕ್ಕೆ ಮೂವತ್ತೊಂದು ಸುತ್ತು ಮಾತ್ರ. ನಮ್ಮ ಹಿರಿಯರು ಸೀಟಿನಿಂದ ಎದ್ದು ನಿಂತು, ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕಿ, ಅದೂ ಸಾಲದಿದ್ದರೆ ಇಳಿದು ತಳ್ಳಿಕೊಂಡು ಹೋಗುತ್ತಿದ್ದದ್ದು ಇದಕ್ಕೇ.

ಈಗಿನ ರೇಸಿಂಗ್ ಮಾದರಿಯ ರೋಡ್ ಬೈಕಿಗೆ ಬನ್ನಿ. ಇದರ ಗಾಲಿಯ ಸುತ್ತಳತೆ ಸುಮಾರು 2.1 ಮೀಟರ್. ಹಿಂದಿನ ತಲೆಮಾರಿನ ರೇಸ್ ಸೈಕಲ್ಲುಗಳಲ್ಲಿ ಮುಂದೆ 53 ಮತ್ತು 39, ಹಿಂದೆ ದೊಡ್ಡದೆಂದರೆ 25. ಅದರ ಅತಿ ಹಗುರ ಗೇರಿನಲ್ಲಿ ಒಂದು ಸುತ್ತಿಗೆ 3.3 ಮೀಟರ್. ಆಮೇಲೆ ಬಂದ, ಈಗ ಎಲ್ಲೆಡೆ ಕಾಣುವ ‘ಕಾಂಪ್ಯಾಕ್ಟ್’ ಜೋಡಿಯಲ್ಲಿ ಮುಂದೆ 50-34. ಹಿಂದೆ 28 ಇದ್ದರೆ 2.55 ಮೀಟರ್, 34 ಇದ್ದರೆ 2.1. ಮುಂದಿನ ಚಿಕ್ಕ ಚಕ್ರ 30, ಹಿಂದಿನ ದೊಡ್ಡದು 34 ಆದರೆ 1.85 ಮೀಟರ್.

ಇವುಗಳ ನಡುವಿನ ಅಂತರ ಕಾಗದದ ಮೇಲೆ ಸಣ್ಣದಾಗಿ ಕಾಣುತ್ತದೆ, ಗುಡ್ಡದಲ್ಲಿ ಹಾಗಲ್ಲ. ಎಪ್ಪತ್ತು ಕಿಲೋ ತೂಗುವ ಮನುಷ್ಯ, ಸೈಕಲ್ಲು ನೀರಿನ ಬಾಟಲಿ ಎಲ್ಲ ಸೇರಿ ಇನ್ನೊಂದು ಹನ್ನೆರಡು ಕಿಲೋ ಎಂದಿಟ್ಟುಕೊಳ್ಳಿ. ಏರು ಶೇ 8, ಅಂದರೆ ನೂರು ಮೀಟರ್ ಮುಂದೆ ಹೋದರೆ ಎಂಟು ಮೀಟರ್ ಮೇಲೆ. ಪೆಡಲ್ ನಿಮಿಷಕ್ಕೆ 60 ಸುತ್ತಿಗಿಂತ ಕೆಳಗೆ ಇಳಿಯಬಾರದು ಎಂದಾದರೆ, 39-25ರ (ಮುಂದೆ 39, ಹಿಂದೆ 25) ಗೇರಿನಲ್ಲಿ ಆತ ಸುಮಾರು 240 ವ್ಯಾಟ್ ಹಾಕುತ್ತಲೇ ಇರಬೇಕು. 34-28ರಲ್ಲಿ ಸುಮಾರು 180 ವ್ಯಾಟ್. 34-34ರಲ್ಲಿ 150. 30-34ರಲ್ಲಿ 130. ಇದು ಆ ಗೇರು ಕೇಳುವ ಕನಿಷ್ಠ ಬಾಡಿಗೆ. ಅದಕ್ಕಿಂತ ಕಡಿಮೆ ಕೊಟ್ಟರೆ ಕಾಲು ನಿಧಾನವಾಗುತ್ತದೆ, ಮಂಡಿಯ ಮೇಲೆ ಭಾರ ಬೀಳುತ್ತದೆ, ಕೊನೆಗೆ ಸೈಕಲ್ಲು ವಾಲುತ್ತದೆ.

ಈಗ ವಯಸ್ಸಿನ ಲೆಕ್ಕವನ್ನು ಇದರ ಪಕ್ಕ ಇಡೋಣ. ದೇಹ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಶಕ್ತಿ ಮೂವತ್ತರ ನಂತರ ದಶಕಕ್ಕೆ ಸುಮಾರು ಶೇ 10ರಷ್ಟು ಇಳಿಯುತ್ತದೆ. ಬಿಡದೆ ವ್ಯಾಯಾಮ ಮಾಡುವವರಲ್ಲಿ ಈ ಇಳಿಕೆ ಹೆಚ್ಚುಕಡಿಮೆ ಅರ್ಧ. ಎದೆಬಡಿತದ ಮೇಲ್ಮಿತಿಯೂ ವರ್ಷ ವರ್ಷ ತಗ್ಗುತ್ತದೆ. ಸ್ನಾಯುವಿನಲ್ಲಿ ಮೊದಲು ಸವೆಯುವುದು ವೇಗದ ಎಳೆಗಳು, ಅಂದರೆ ಒಮ್ಮೆಲೇ ಜೋರಾಗಿ ತಳ್ಳುವ ತಾಕತ್ತು. ಮೂವತ್ತರಲ್ಲಿ ಗುಡ್ಡದುದ್ದಕ್ಕೂ 220 ವ್ಯಾಟ್ ಹಾಕುತ್ತಿದ್ದವನು ದಶಕಕ್ಕೆ ಹತ್ತರಷ್ಟು ಕಳೆದುಕೊಂಡರೆ ಅರವತ್ತರಲ್ಲಿ 160ರ ಆಸುಪಾಸು ಉಳಿಯುತ್ತಾನೆ. ಮೂವತ್ತರಲ್ಲಿ ಅವನಿಗೆ 34-28 ಧಾರಾಳವಾಗಿ ಸಾಕಿತ್ತು. ಅರವತ್ತರಲ್ಲಿ ಆ ಗೇರು 180 ಕೇಳುತ್ತದೆ, ಅವನ ಹತ್ತಿರ ಇರುವುದು 160. ಮನಸ್ಸು ಗಟ್ಟಿ ಮಾಡಿಕೊಂಡರೂ ಆ ಇಪ್ಪತ್ತು ವ್ಯಾಟ್ ಹುಟ್ಟುವುದಿಲ್ಲ. ಹಿಂದೆ 34 ಹಾಕಿದರೆ ಅದೇ ಮನುಷ್ಯ ಅದೇ ಏರನ್ನು ಹತ್ತುತ್ತಾನೆ. ಮುಂದಿನದನ್ನೂ 30ಕ್ಕೆ ಇಳಿಸಿದರೆ ಪಕ್ಕದವರ ಜೊತೆ ಮಾತಾಡುತ್ತ ಹತ್ತುತ್ತಾನೆ.

ಮಂಡಿಯ ಮಾತನ್ನೂ ಅಂಕಿಯಲ್ಲೇ ಹೇಳಬಹುದು. 150 ವ್ಯಾಟ್ ಹಾಕುತ್ತ ನಿಮಿಷಕ್ಕೆ 40 ಸುತ್ತು ತುಳಿದರೆ ಪೆಡಲಿನ ಮೇಲೆ ಸರಾಸರಿ 21 ಕಿಲೋ ಒತ್ತಡ. ಅದೇ 150 ವ್ಯಾಟನ್ನು 70 ಸುತ್ತಿನಲ್ಲಿ ಹಾಕಿದರೆ 12 ಕಿಲೋ. ರಾಯಚೂರು ಕೋಟೆಯ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹತ್ತುವುದಕ್ಕೂ ಒಂದೊಂದಾಗಿ ಹತ್ತುವುದಕ್ಕೂ ಇರುವ ವ್ಯತ್ಯಾಸ ಇದು. ತಲುಪುವ ತುದಿ ಒಂದೇ, ಮರುದಿನ ಮಂಡಿ ಹೇಳುವ ಕತೆ ಬೇರೆ. ಹಾಗಂತ ರೇಸಿನ ಹುಡುಗರ ಹಾಗೆ 90-95 ಸುತ್ತು ತಿರುಗಿಸಲು ಹೋಗಬೇಕಿಲ್ಲ. ಕಾಲು ತೀರಾ ಬೇಗ ತಿರುಗಿದರೆ ಎದೆಬಡಿತ ಏರುತ್ತದೆ, ದಮ್ಮು ಹತ್ತುತ್ತದೆ. ಏರಿನಲ್ಲಿ 60ರಿಂದ 75ರ ಒಳಗೆ ಇದ್ದರೆ ಮಂಡಿಗೂ ಎದೆಗೂ ರಾಜಿ.

ಹಗುರ ಗೇರು ಮುದುಕರ ಗೇರು ಎಂಬ ಮಾತಿಗೆ ನೂರಕ್ಕೂ ಹೆಚ್ಚು ವರ್ಷ ವಯಸ್ಸಾಗಿದೆ. ಫ್ರಾನ್ಸಿನ ಸೇಂತ್ ಎತಿಯೆನ್ ಊರಿನಲ್ಲಿ ಪಾಲ್ ದ ವಿವಿ ಎಂಬಾತ ಇದ್ದ. 1853ರಲ್ಲಿ ಹುಟ್ಟಿದವನು, ‘ವೆಲೋಸಿಯೊ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ, ‘ಲ ಸೈಕ್ಲಿಸ್ತ್’ ಎಂಬ ಪತ್ರಿಕೆ ನಡೆಸುತ್ತಿದ್ದ. ಗುಡ್ಡಗಾಡಿನಲ್ಲಿ ತುಳಿಯುವವನಿಗೆ ಒಂದಕ್ಕಿಂತ ಹೆಚ್ಚು ಗೇರು ಬೇಕೇ ಬೇಕು ಎಂದು ಅವನು ಜೀವನವಿಡೀ ವಾದಿಸಿದ. 1902ರಲ್ಲಿ ಅಲ್ಲಿನ ಟೂರಿಂಗ್ ಕ್ಲಬ್ ಒಂದು ಪರೀಕ್ಷೆ ಏರ್ಪಡಿಸಿತು. ಒಂದು ಕಡೆ ಒಂದೇ ಗೇರಿನ ಸೈಕಲ್ ಏರಿದ ಪಳಗಿದ ರೇಸುಗಾರ ಎದುವಾರ್ ಫಿಶರ್, ಇನ್ನೊಂದು ಕಡೆ ಮೂರು ಗೇರಿನ ಸೈಕಲ್ ಏರಿದ ಮಾರ್ತ್ ಹೆಸ್ ಎಂಬ ಮಹಿಳೆ. ಗುಡ್ಡದ ಹಾದಿಯಲ್ಲಿ ಗೆದ್ದವಳು ಹೆಸ್.

ಮರುವರ್ಷ, 1903ರಲ್ಲಿ, ಟೂರ್ ದ ಫ್ರಾನ್ಸ್ ಆರಂಭಿಸಿದ ಆನ್ರಿ ದೆಗ್ರಾಂಜ್ ಇದನ್ನು ಒಪ್ಪಲಿಲ್ಲ. ಗೇರು ಬದಲಿಸುವ ಸಾಧನ (ಡಿರೇಲರ್) ನಲವತ್ತೈದು ದಾಟಿದವರಿಗೆ ಮಾತ್ರ ಸರಿ, ಗೆಲ್ಲಬೇಕಾದದ್ದು ಸ್ನಾಯುವಿನ ಬಲದಿಂದ ಎಂಬುದು ಅವನ ನಿಲುವು. ಅವನ ಆಡಳಿತದ ಕಾಲದುದ್ದಕ್ಕೂ ಟೂರ್‌ನ ರೇಸುಗಾರರು ಗುಡ್ಡದ ಬುಡದಲ್ಲಿ ಇಳಿದು, ಹಿಂದಿನ ಗಾಲಿ ಬಿಚ್ಚಿ, ತಿರುಗಿಸಿ ಹಾಕಿ, ಅದರ ಇನ್ನೊಂದು ಬದಿಯ ಹೆಚ್ಚು ಹಲ್ಲಿನ ಚಕ್ರಕ್ಕೆ ಚೈನ್ ಕೂರಿಸಿಕೊಂಡು ಹತ್ತುತ್ತಿದ್ದರು. ಡಿರೇಲರ್‌ಗೆ ಅನುಮತಿ ಸಿಕ್ಕಿದ್ದು 1937ರಲ್ಲಿ, ಅವನು ಹೊಣೆ ಬಿಟ್ಟ ಮೇಲೆ. ಆಮೇಲೆ ಜಗತ್ತಿನ ಅತಿ ಬಲಿಷ್ಠ ಕಾಲಿನ ಹುಡುಗರೂ ಗೇರು ಬದಲಿಸುತ್ತಲೇ ಗುಡ್ಡ ಹತ್ತಿದರು, ಇಂದಿಗೂ ಹತ್ತುತ್ತಿದ್ದಾರೆ. ಈಗಿನ ವೃತ್ತಿಪರರ ಹಿಂದಿನ ಚಕ್ರದಲ್ಲಿ 34 ಹಲ್ಲು ಕಾಣುವುದು ವಿಶೇಷವೇ ಅಲ್ಲ. ಹೀಗಿರುವಾಗ ನಮ್ಮ ಬೆಳಗಿನ ಗುಂಪುಗಳಲ್ಲಿ ಯಾರಾದರೂ ದೊಡ್ಡ ಚಕ್ರ ಹಾಕಿಸಿಕೊಂಡರೆ ‘ಪ್ಲೇಟು ಹಾಕ್ಸೀರೇನ್ರಿ’ ಎಂದು ಕೆಣಕುವುದನ್ನು ಕೇಳಿದಾಗ ನನಗೆ ಬೇಸರವಾಗುತ್ತದೆ. ಆ ಕೆಣಕು ಒಬ್ಬರನ್ನು ಗುಡ್ಡದಿಂದಲೇ ದೂರ ಇಡಬಹುದು.

ವಯಸ್ಸಿನ ಮಾತು ಬಂದಾಗ ರೊಬೆರ್ ಮಾರ್ಶಾನ್ ಎಂಬ ಫ್ರೆಂಚ್ ಹಿರಿಯನನ್ನು ನೆನೆಯದೆ ಮುಂದೆ ಹೋಗಲಾಗದು. ಹುಟ್ಟಿದ್ದು 1911ರಲ್ಲಿ. ನೂರು ತುಂಬಿದ ಮೇಲೆ 2012ರಲ್ಲಿ ಒಂದು ತಾಸಿನಲ್ಲಿ 24.25 ಕಿ.ಮೀ. ತುಳಿದ. ಎರಡು ವರ್ಷ ಬಿಟ್ಟು, 102ರ ಪ್ರಾಯದಲ್ಲಿ, ಅದೇ ಒಂದು ತಾಸಿನಲ್ಲಿ 26.927 ಕಿ.ಮೀ. ತುಳಿದ. ಅವನನ್ನು ತರಬೇತುಗೊಳಿಸಿ ಅಧ್ಯಯನ ಮಾಡಿದವರು ವೆರೋನಿಕ್ ಬಿಯಾ ಎಂಬ ಶರೀರಶಾಸ್ತ್ರಜ್ಞೆ. ತರಬೇತಿಯ ಹೆಚ್ಚಿನ ಪಾಲು, ಶೇ 80ರಷ್ಟು, ಹಗುರವಾಗಿ ತುಳಿಯುವುದು. ಉಳಿದದ್ದು ಮಾತ್ರ ಬಿರುಸಾಗಿ. ಎರಡು ವರ್ಷದಲ್ಲಿ ಅವನ ಗರಿಷ್ಠ ಶಕ್ತಿ 90 ವ್ಯಾಟಿನಿಂದ 125ಕ್ಕೆ ಏರಿತು. ಆ ಏರಿಕೆ ಬಂದದ್ದು ಮುಖ್ಯವಾಗಿ ಕಾಲು ಬೇಗ ತಿರುಗಲು ಕಲಿತದ್ದರಿಂದ: ಪೆಡಲಿನ ಗರಿಷ್ಠ ವೇಗ ನಿಮಿಷಕ್ಕೆ 69 ಸುತ್ತಿನಿಂದ 90ಕ್ಕೆ ಹೋಗಿತ್ತು. ಒಬ್ಬನ ಮೇಲೆ ನಡೆದ ಅಧ್ಯಯನ, ಎಲ್ಲರಿಗೂ ಅನ್ವಯಿಸಲು ಬರುವುದಿಲ್ಲ. ಆದರೂ ನೂರು ದಾಟಿದ ಕಾಲು ಕೂಡ ಹಗುರ ತುಳಿತದ ದಾರಿಯಲ್ಲಿ ಬಲ ಗಳಿಸಿತು ಎಂಬುದು ಸಣ್ಣ ಸಂಗತಿಯಲ್ಲ.

ಇನ್ನು ಅಂಗಡಿಗೆ. ರಾಯಚೂರಿನ ಒಂದು ಸೈಕಲ್ ಅಂಗಡಿಯಲ್ಲಿ ನಮ್ಮ ಕಡೆಯ ನಿವೃತ್ತ ಮಾಸ್ತರರೊಬ್ಬರು ಹಿಂದಿನ ಕ್ಯಾಸೆಟ್ (ಹಲ್ಲಿನ ಚಕ್ರಗಳ ಗೊಂಚಲು) ಬದಲಿಸಲು ಹೋದಾಗ ನಾನೂ ಜೊತೆಗಿದ್ದೆ. ಮೆಕ್ಯಾನಿಕ್ ಹುಡುಗ ಸೈಕಲ್ಲನ್ನು ತಲೆಕೆಳಗೆ ಮಾಡಿ, ದೊಡ್ಡ ಚಕ್ರದ ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ, ಬೆರಳಿನಿಂದ ತಿರುಗಿಸುತ್ತ ಎಣಿಸಿದ.

“ಸರ್ರ, ಹಿಂದ 28 ಐತ್ರಿ. 34 ಹಾಕಬೇಕಂದ್ರ ಈ ಡಿರೇಲರ್ ಎತ್ತಂಗಿಲ್ರಿ. ಪಂಜರ ಸಣ್ಣದು.”

“ಮತ್ತ ಏನ್ ಮಾಡೋದಪಾ?”

“ಉದ್ದ ಪಂಜರದ್ದು ಬರ್ತೈತ್ರಿ, ಅದನ್ನ ತರಸ್ತೀನಿ. ಚೈನೂ ಹೊಸಾದು ಬೇಕ್ರಿ. ಹಳೀದು ಗಿಡ್ಡ ಆಗ್ತೈತಿ.”

ಆ ಹುಡುಗ ಹೇಳಿದ ಎರಡು ಮಾತಿನಲ್ಲಿ ಇಡೀ ಕೆಲಸ ಇದೆ. ಹಿಂದಿನ ಡಿರೇಲರ್‌ಗೆ ಎರಡು ಮಿತಿ. ಒಂದು, ಅದು ಎಷ್ಟು ದೊಡ್ಡ ಚಕ್ರದವರೆಗೆ ಚೈನ್ ಎತ್ತಬಲ್ಲದು. ಇನ್ನೊಂದು, ಎಷ್ಟು ಸಡಿಲ ಚೈನನ್ನು ಅದರ ಪಂಜರ ಎಳೆದುಕೊಳ್ಳಬಲ್ಲದು. ಮುಂದೆ 50-34, ಹಿಂದೆ 11-34 ಇದ್ದರೆ ಮುಂದಿನ ಅಂತರ 16, ಹಿಂದಿನದು 23, ಒಟ್ಟು 39 ಹಲ್ಲು. ಡಿರೇಲರ್‌ನ ಕ್ಷಮತೆ ಅಷ್ಟು ಇರಲೇಬೇಕು. ಹೊಸದನ್ನು ಜೋಡಿಸಿದ ಮೇಲೆ ಆ ಹುಡುಗ ಚೈನನ್ನು ಮುಂದಿನ ದೊಡ್ಡ ಚಕ್ರಕ್ಕೂ ಹಿಂದಿನ ದೊಡ್ಡ ಚಕ್ರಕ್ಕೂ ಏಕಕಾಲಕ್ಕೆ ಹಾಕಿ, ಪಂಜರ ಪೂರಾ ಎಳೆದು ನಿಂತರೂ ಇನ್ನಷ್ಟು ಬಾಗಲು ಜಾಗ ಉಳಿದಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿದ. ಚೈನ್ ಗಿಡ್ಡವಿದ್ದು ಸವಾರ ಕೈತಪ್ಪಿ ಆ ಜೋಡಿಗೆ ಬದಲಿಸಿದರೆ ಡಿರೇಲರ್ ಮುರಿದು ಗಾಲಿಯ ಕಡ್ಡಿಗೆ ಸಿಕ್ಕಿಬೀಳುತ್ತದೆ. ನಿಮ್ಮ ಅಂಗಡಿಯವನು ಈ ಪರೀಕ್ಷೆ ಮಾಡದೆ ಸೈಕಲ್ ಕೊಟ್ಟರೆ, ಅಲ್ಲೇ ನಿಂತು ಮಾಡಿಸಿ.

ಕ್ಯಾಸೆಟ್, ಡಿರೇಲರ್, ಚೈನ್ ಈ ಮೂರರಲ್ಲಿ ಮುಗಿದರೆ ಅದೇ ಅಗ್ಗದ ದಾರಿ, ಮೊದಲು ಅದನ್ನೇ ಮಾಡಿ. ಅದೂ ಸಾಲದಿದ್ದರೆ ಮುಂದಿನ ಚಕ್ರಗಳನ್ನು ಹೊತ್ತ ಕ್ರ್ಯಾಂಕ್ ಬದಲಿಸಬೇಕು. ಶಿಮಾನೊ ಕಂಪನಿಯ ಜಿಆರ್‌ಎಕ್ಸ್ ಸಾಲಿನಲ್ಲಿ 46-30 ಜೋಡಿ ಸಿಗುತ್ತದೆ. ಸ್ರಾಮ್ ಕಂಪನಿಯಲ್ಲಿ 43-30 ಇದೆ. ಜಿಆರ್‌ಎಕ್ಸ್ ಕ್ರ್ಯಾಂಕಿನ ಚಕ್ರಗಳು ಮಾಮೂಲಿಗಿಂತ 2.5 ಮಿ.ಮೀ. ಹೊರಗೆ ಕೂರುತ್ತವೆ, ಆದ್ದರಿಂದ ಮುಂದಿನ ಡಿರೇಲರೂ ಅದೇ ಸಾಲಿನದ್ದು ಬೇಕು. ಇದನ್ನು ಮರೆತು ಕ್ರ್ಯಾಂಕ್ ಒಂದನ್ನೇ ತರಿಸಿಕೊಂಡವರಿಗೆ ಖರ್ಚು ಎರಡು ಸಲ. ಹೊಸ ಸೈಕಲ್ಲನ್ನೇ ಕೊಳ್ಳುವುದಾದರೆ ಹನ್ನೆರಡು ಗೇರಿನ ಶಿಮಾನೊ 105ರಲ್ಲಿ ಹಿಂದೆ 36ರವರೆಗೂ ಬರುತ್ತದೆ, ಕೇಳಿ ಪಡೆಯಿರಿ.

‘ಮುಂದಿನದು ಸಣ್ಣದಾದರೆ ಸಪಾಟಿನಲ್ಲಿ ವೇಗ ಹೋಗುತ್ತದಲ್ಲ’ ಎಂದು ಎಲ್ಲರೂ ಕೇಳುತ್ತಾರೆ. 46-11ರ ಗೇರನ್ನು ನಿಮಿಷಕ್ಕೆ 90 ಸುತ್ತು ತುಳಿದರೆ ವೇಗ ತಾಸಿಗೆ 47 ಕಿ.ಮೀ. ದಾಟುತ್ತದೆ. 50-11ರಲ್ಲಿ 51. ಐವತ್ತೈದರ ಪ್ರಾಯದಲ್ಲಿ ಲಿಂಗಸುಗೂರು ರಸ್ತೆಯ ಮೇಲೆ 47ರಲ್ಲಿ ತುಳಿಯುವವರು ನಮ್ಮಲ್ಲಿ ಎಷ್ಟು ಮಂದಿ? ಇಳಿಜಾರಿನಲ್ಲಿ ಅಷ್ಟು ವೇಗ ತಾನಾಗಿಯೇ ಬರುತ್ತದೆ, ಆಗ ಬೇಕಾದದ್ದು ಬ್ರೇಕು. ದೊಡ್ಡ ತುದಿಯಲ್ಲಿ ಕಳೆದುಕೊಳ್ಳುವುದು ಯಾರೂ ಬಳಸದ ಗೇರು, ಸಣ್ಣ ತುದಿಯಲ್ಲಿ ಗಳಿಸುವುದು ಪ್ರತಿ ಏರಿಗೂ ಬೇಕಾದ ಗೇರು.

ನಮ್ಮ ಸೀಮೆಯವರು ಯೋಚಿಸಬೇಕಾದ ಇನ್ನೊಂದು ಸಂಗತಿ ಗಾಳಿ. ಆಷಾಢದ ಪಡುವಣ ಗಾಳಿ ಬಯಲಲ್ಲಿ ಮರದ ತಡೆಯಿಲ್ಲದೆ ಬೀಸುತ್ತದೆ. ತಾಸಿಗೆ 20 ಕಿ.ಮೀ. ವೇಗದ ಎದುರುಗಾಳಿಯಲ್ಲಿ ಅಷ್ಟೇ ವೇಗದಲ್ಲಿ ತುಳಿಯುವುದೆಂದರೆ, ಬಾಗಿ ಕೂತರೂ ಶೇ 2ರ ಏರು ಹತ್ತಿದಷ್ಟು ಶ್ರಮ. ನೆಟ್ಟಗೆ ಕೂತರೆ ಶೇ 3ರಷ್ಟು. ಗುಡ್ಡಕ್ಕೆ ತುದಿಯಿದೆ, ಈ ಏರು ಸಿರವಾರದಿಂದ ಹೊರಟರೆ ಊರು ಮುಟ್ಟುವವರೆಗೂ ಮುಗಿಯುವುದಿಲ್ಲ. ಇಲ್ಲಿ ಬೇಕಾಗುವುದು ಅತಿ ಹಗುರ ಗೇರಲ್ಲ, ನಡುವಿನ ಗೇರುಗಳು ಒಂದಕ್ಕೊಂದು ಹತ್ತಿರ ಇರುವುದು. ಎಂಟು ಗೇರಿನ ಕ್ಯಾಸೆಟ್ಟಿನಲ್ಲಿ 11ರಿಂದ 34ರವರೆಗೆ ಹಬ್ಬಿಸಿದರೆ ನಡುವೆ ದೊಡ್ಡ ದೊಡ್ಡ ಜಿಗಿತ ಬೀಳುತ್ತದೆ. ಗಾಳಿಯಲ್ಲಿ ಒಂದು ಗೇರು ಭಾರ, ಅದರ ಕೆಳಗಿನದು ತೀರಾ ಹಗುರ ಎನ್ನುವಂತಾಗುತ್ತದೆ. ಆದ್ದರಿಂದ ವರ್ಷವಿಡೀ ಬಯಲಲ್ಲೇ ತುಳಿದು, ಯಾವಾಗಲೋ ಒಮ್ಮೆ ಗುಡ್ಡಕ್ಕೆ ಹೋಗುವವರಿಗೆ ನನ್ನ ಸಲಹೆ: ಮುಂದಿನ ಚಕ್ರವನ್ನು ಸಣ್ಣದು ಮಾಡಿಸಿ, ಹಿಂದಿನದರ ಹರವು ಮಿತವಾಗಿರಲಿ. 46-30ಕ್ಕೆ ಹಿಂದೆ 11-30 ಇದ್ದರೂ ಒಂದು ಸುತ್ತಿಗೆ 2.1 ಮೀಟರ್ ಸಿಗುತ್ತದೆ, 34-34ರಷ್ಟೇ, ನಡುವಿನ ಜಿಗಿತ ಮಾತ್ರ ಕಡಿಮೆ.

ಹಣ ಹೆಚ್ಚು ಹಾಕಲಾಗದವರು ಎದೆಗುಂದಬೇಕಿಲ್ಲ. ತಾಲ್ಲೂಕು ಊರಿನ ಅಂಗಡಿಯಲ್ಲೂ ಸಿಗುವ, ದಪ್ಪ ಟಯರಿನ 21 ಗೇರಿನ ಸೈಕಲ್ಲಿಗೆ ಸಾಮಾನ್ಯವಾಗಿ ಮುಂದೆ 42-34-24, ಹಿಂದೆ 14-28 ಹಲ್ಲು ಇರುತ್ತವೆ. 24-28ರಲ್ಲಿ ಒಂದು ಸುತ್ತಿಗೆ 1.8 ಮೀಟರಿಗಿಂತ ಕಡಿಮೆ. ಲಕ್ಷ ಕೊಟ್ಟು ತಂದ ಎಷ್ಟೋ ರೋಡ್ ಬೈಕುಗಳಲ್ಲಿ ಇಷ್ಟು ಹಗುರ ಗೇರು ಇಲ್ಲ. ಸೈಕಲ್ಲಿನ ತೂಕ ಹೆಚ್ಚು ನಿಜ, ಬಯಲಲ್ಲಿ ದಪ್ಪ ಟಯರು ಹಿಡಿದೆಳೆಯುತ್ತದೆ, ಅದೂ ನಿಜ. ತೆಳು ಟಯರ್ ಹಾಕಿಸಿಕೊಂಡರೆ ಅರ್ಧ ತಕರಾರು ಹೋಗುತ್ತದೆ. ಗುಡ್ಡವನ್ನು ಕೂತೇ ಹತ್ತಬೇಕೆನ್ನುವ ಅರವತ್ತರ ಕಾಲಿಗೆ ಅದು ಪ್ರಾಮಾಣಿಕ ಸೈಕಲ್ಲು.

ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್. ಏರಿನ ಕೊನೆಯ ಭಾಗ ಕಡಿದು. ಆಗುಂಬೆಯದು ಹದಿನಾಲ್ಕು ತಿರುವು. 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್‌ನ ಸವಾರರು ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಹಟ್ಟಿ ಘಾಟಿಗೆ ಮೂವತ್ತಾರು ತಿರುವು, ಅಲ್ಲಿ ಶೇ 10 ದಾಟುವ ಪಟ್ಟಿಗಳಿವೆ. ಅಂಥಲ್ಲಿ 30-34ರ ಗೇರೂ 60 ಸುತ್ತಿಗೆ 160 ವ್ಯಾಟ್ ಕೇಳುತ್ತದೆ. ಅಂದರೆ ಎಪ್ಪತ್ತು ಕಿಲೋದ ಅರವತ್ತರ ಸವಾರನಿಗೆ ಅದಕ್ಕಿಂತ ಭಾರದ ಗೇರು ಬೇಡವೇ ಬೇಡ. ತೂಕ ಎಂಬತ್ತೈದಿದ್ದರೆ ಇನ್ನೂ ಹಗುರದ್ದು ಬೇಕು. ಹಾಗೆ ನಿಧಾನವಾಗಿ ಹತ್ತಿದರೆ ಹಿಂದೆ ಬೀಳುತ್ತೇನೆಂಬ ಅಂಜಿಕೆ ಬೇಡ. ನಿಗದಿತ ಸಮಯದೊಳಗೆ ಮುಗಿಸಬೇಕಾದ 200 ಕಿ.ಮೀ. ಬ್ರೆವೆ ಸವಾರಿಗೆ ಹದಿಮೂರೂವರೆ ತಾಸು ಇರುತ್ತದೆ, ವಯಸ್ಸಿನ ಮೇಲ್ಮಿತಿ ಇಲ್ಲ. ಏರಿನಲ್ಲಿ ಕಾಲು ಉಳಿಸಿಕೊಂಡವರು ಕೊನೆಯ ಐವತ್ತು ಕಿ.ಮೀ.ನಲ್ಲಿ ಸಮಯ ಮರಳಿ ಗಳಿಸುತ್ತಾರೆ.

ಹಗುರ ಗೇರು ಹೃದ್ರೋಗಕ್ಕೆ ಮದ್ದಲ್ಲ. ಎದೆ ಬಿಗಿತ, ತಲೆ ತಿರುಗುವುದು, ಎಡಗೈ ಜೋಮು ಏನೇ ಕಂಡರೂ ಇಳಿದು ಕೂತುಕೊಳ್ಳಿ, ತಡಮಾಡದೆ ಡಾಕ್ಟರನ್ನು ಕಾಣಿ. ಸಕ್ಕರೆ, ರಕ್ತದೊತ್ತಡ ಇದ್ದವರು ಗುಡ್ಡಕ್ಕೆ ಹೊರಡುವ ಮೊದಲೇ ಕಾಣಬೇಕು.

ಟಿಕೆಟ್ ತೆಗೆಸುವ ಮುಂಚೆ ಊರಲ್ಲೇ ಒಂದು ಪರೀಕ್ಷೆ ಮಾಡಿ. ನಿಮ್ಮ ಸುತ್ತಲಿನ ಅತಿ ಕಡಿದಾದ ಏರನ್ನು ಆರಿಸಿಕೊಳ್ಳಿ, ಕಾಲುವೆ ದಿಬ್ಬವಾದರೂ ಸರಿ. ಗಡಿಬಿಡಿ ಇಲ್ಲದೆ, ಉದ್ದ ಸವಾರಿಯ ಕೊನೆಗೆ, ಕಾಲು ದಣಿದಿರುವಾಗ ಹತ್ತಿ. ಅತಿ ಹಗುರ ಗೇರಿನಲ್ಲಿ ಕೂತೇ ತುಳಿಯುತ್ತ ಬಲಗಾಲು ಕೆಳಗೆ ಬಂದದ್ದನ್ನು ಹದಿನೈದು ಸೆಕೆಂಡು ಎಣಿಸಿ. ಹದಿನೈದು ಬಂದರೆ ನಿಮಿಷಕ್ಕೆ 60, ನಿಮ್ಮ ಗೇರು ಆ ಏರಿಗೆ ಸಾಕು. ಹನ್ನೆರಡಕ್ಕಿಂತ ಕಡಿಮೆ ಬಂದರೆ, ನಂದಿಯಲ್ಲಿ ಅದೇ ಕಡಿದು ನಿಮಿಷಗಟ್ಟಲೆ ಮುಗಿಯದೆ ಮುಂದುವರಿಯುತ್ತದೆ ಎಂದು ತಿಳಿದು, ಹಿಂದಿನ ಚಕ್ರದಲ್ಲಿ ನಾಲ್ಕೋ ಆರೋ ಹಲ್ಲು ಹೆಚ್ಚಿಸಿಕೊಂಡು ಹೊರಡಿ.